ಬ್ರಿಟನ್ನಿನಲ್ಲಿ ಅಮೆರಿಕನ್ ಫುಟ್‌ಬಾಲ್: ಆಡಲಿಳಿಯುವವರಿಗೂ ತಂಡ ಕಟ್ಟುವವರಿಗೂ

ಅಕ್ಟೋಬರ್ ಬಂತೆಂದರೆ ಲಂಡನ್ನಿನ ವೆಂಬ್ಲಿಯಲ್ಲೋ ಟಾಟನ್‌ಹ್ಯಾಮ್ ಕ್ರೀಡಾಂಗಣದಲ್ಲೋ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಪಂದ್ಯ. ಟಿಕೆಟ್ಟಿಗೆ ನೂಕುನುಗ್ಗಲು, ರೈಲಿನ ತುಂಬ ಬಗೆಬಗೆಯ ಬಣ್ಣದ ಜೆರ್ಸಿ. ಅದೇ ದೇಶದಲ್ಲಿ ಮೇ ತಿಂಗಳ ಯಾವುದೋ ಭಾನುವಾರ, ಊರಾಚೆಯ ರಗ್ಬಿ ಕ್ಲಬ್ಬಿನ ಎರಡನೇ ಅಂಗಳದಲ್ಲಿ ಇದೇ ಆಟದ ಲೀಗ್ ಪಂದ್ಯ ನಡೆಯುತ್ತಿರುತ್ತದೆ. ನೋಡುವವರು ಯಾರು? ಆಟಗಾರರ ಮನೆಯವರು, ನಾಲ್ಕಾರು ಗೆಳೆಯರು, ನಾಯಿ ಕರೆದುಕೊಂಡು ಅಡ್ಡಾಡಲು ಬಂದು ನಿಂತವರು. ಅಂಗಳಕ್ಕೆ ಬೆಳಗ್ಗೆ ಗೆರೆ ಎಳೆದವನೇ ಮಧ್ಯಾಹ್ನ ಪ್ಯಾಡ್ ಕಟ್ಟಿಕೊಂಡು ಆಡುತ್ತಾನೆ, ಸಂಜೆ ಕಸ ಹೆಕ್ಕುತ್ತಾನೆ.

ಬ್ರಿಟನ್ನಿನಲ್ಲಿ ಈ ಆಟಕ್ಕೆ ನೋಡುಗರ ಬರವಿಲ್ಲ. ಬರವಿರುವುದು ಆಡುವವರದು. ಅದಕ್ಕಿಂತ ದೊಡ್ಡ ಬರ ಗೆರೆ ಹಾಕುವವರದು, ಗಜ ಅಳೆಯುವ ಸರಪಳಿ ಹಿಡಿಯುವವರದು, ಸೀಟಿ ಊದುವವರದು. ಓದಲೆಂದೋ ಕೆಲಸಕ್ಕೆಂದೋ ಅಲ್ಲಿಗೆ ಹೋಗಿ, ಟಿವಿಯಲ್ಲಿ ನೋಡಿದ ಆಟವನ್ನು ಒಮ್ಮೆ ಕೈಯಾರೆ ಆಡಿಯೇ ನೋಡೋಣ ಅನ್ನುವ ಕನ್ನಡಿಗರಿಗೆ, ಮಕ್ಕಳನ್ನು ಸೇರಿಸಲು ಯೋಚಿಸುತ್ತಿರುವ ತಂದೆತಾಯಿಗೆ, ಊರಲ್ಲೊಂದು ತಂಡ ಕಟ್ಟುವ ಹುಚ್ಚು ಹಿಡಿದವರಿಗೆ ಈ ಬರಹ.

1. ಮೊದಲು ಆಟದ ಗಂಟು ಬಿಡಿಸಿಕೊಳ್ಳಿ

ನಿಯಮ ಪುಸ್ತಕ ದಪ್ಪ. ಆದರೆ ಮೊದಲ ದಿನಕ್ಕೆ ಬೇಕಾದದ್ದು ಇಷ್ಟೇ. ಒಂದೊಂದು ಕಡೆ 11 ಜನ. ಅಂಗಳ 100 ಗಜ ಉದ್ದ, ಎರಡೂ ತುದಿಗೆ ಹತ್ತು ಹತ್ತು ಗಜದ ಎಂಡ್ ಝೋನ್. ಚೆಂಡು ನಿಮ್ಮ ಕಡೆಯಿದ್ದರೆ ನಾಲ್ಕು ಅವಕಾಶ, ಅದರೊಳಗೆ ಹತ್ತು ಗಜ ಮುಂದೆ ಸಾಗಬೇಕು. ಈ ಅವಕಾಶಕ್ಕೆ ಡೌನ್ ಅನ್ನುತ್ತಾರೆ. ಹತ್ತು ಗಜ ದಾಟಿದರೆ ಮತ್ತೆ ನಾಲ್ಕು ಡೌನ್ ಸಿಗುತ್ತದೆ, ದಾಟದಿದ್ದರೆ ಚೆಂಡು ಎದುರಾಳಿಗೆ. ಎಂಡ್ ಝೋನ್ ಮುಟ್ಟಿದರೆ ಟಚ್‌ಡೌನ್, 6 ಅಂಕ. ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, 3 ಅಂಕ.

ರಗ್ಬಿ ಆಡಿ ಬಂದವರು ಎಡವುವ ಜಾಗ ಎರಡು. ರಗ್ಬಿಯಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ. ಇಲ್ಲಿ ಒಂದು ಡೌನ್‌ನಲ್ಲಿ ಒಮ್ಮೆ, ಆಟ ಶುರುವಾದ ಗೆರೆಯ ಹಿಂದಿನಿಂದ ಎಸೆಯಬಹುದು. ಎರಡನೆಯದು, ಇಲ್ಲಿ ಚೆಂಡಿಲ್ಲದವನನ್ನೂ ಅಡ್ಡಗಟ್ಟಬಹುದು, ಅದಕ್ಕೆ ಬ್ಲಾಕ್ ಎಂದು ಹೆಸರು. ರಗ್ಬಿಯಿಂದ ಬಂದವರು ಮೊದಲ ವಾರ ‘ನನ್ನ ಹತ್ರ ಚೆಂಡೇ ಇರಲಿಲ್ಲವಲ್ಲ’ ಎಂದು ನೆಲದ ಮೇಲೆ ಕೂತು ಕೇಳುವುದು ಮಾಮೂಲು.

ಟಿವಿಯಲ್ಲಿ ಎನ್‌ಎಫ್‌ಎಲ್ ನೋಡಿ ನಿಯಮ ಕಲಿತವರಿಗೆ ಒಂದು ಮಾತು: ಬ್ರಿಟನ್ನಿನ ಹವ್ಯಾಸಿ ಆಟದ ನಿಯಮಗಳು ಅಮೆರಿಕದ ಕಾಲೇಜು ಆಟದ ಕಡೆಗೆ ಹೆಚ್ಚು ವಾಲುತ್ತವೆ. ಉದಾಹರಣೆಗೆ, ಗೆರೆಯ ಪಕ್ಕ ಚೆಂಡು ಹಿಡಿಯುವವನ ಒಂದು ಕಾಲು ಒಳಗಿದ್ದರೆ ಸಾಕು. ಎನ್‌ಎಫ್‌ಎಲ್‌ನಲ್ಲಿ ಎರಡೂ ಕಾಲು ಬೇಕು. ಸೋಫಾದ ಮೇಲೆ ಕಲಿತದ್ದನ್ನು ಹಿಡಿದುಕೊಂಡು ರೆಫರಿ ಜೊತೆ ವಾದಕ್ಕಿಳಿಯಬೇಡಿ.

2. ಯಾವ ಬಾಗಿಲಿನಿಂದ ಒಳಗೆ ಹೋಗಬೇಕು?

ಇದು ನಿಮ್ಮ ವಯಸ್ಸು, ಓದು, ಊರಿನ ಮೇಲೆ ನಿಂತಿದೆ.

ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರೆ ಎರಡನೇ ಯೋಚನೆ ಬೇಡ, ಅಲ್ಲಿಯೇ ಸೇರಿ. ಬರ್ಮಿಂಗ್‌ಹ್ಯಾಮ್ ಲಯನ್ಸ್, ಡರ್ಹಮ್ ಸೇಂಟ್ಸ್, ಹರ್ಟ್‌ಫರ್ಡ್‌ಶೈರ್ ಹರಿಕೇನ್ಸ್, ಸ್ಟರ್ಲಿಂಗ್ ಕ್ಲಾನ್ಸ್‌ಮೆನ್ ಹೀಗೆ ಎಷ್ಟೋ ವಿಶ್ವವಿದ್ಯಾಲಯಗಳಿಗೆ ತಂಡಗಳಿವೆ. ಸ್ಪರ್ಧೆ ನಡೆಸುವುದು ಬ್ರಿಟಿಷ್ ವಿಶ್ವವಿದ್ಯಾಲಯಗಳ ಕ್ರೀಡಾ ಸಂಸ್ಥೆ ಬಕ್ಸ್. 2012ರಿಂದ ಈ ಆಟ ಅದರ ಕೈಯಲ್ಲಿದೆ. ಬಕ್ಸ್‌ನ ಬಹುಪಾಲು ಆಟಗಳು ಬುಧವಾರ ನಡೆದರೆ ಇದು ಮಾತ್ರ ಭಾನುವಾರ. ಆದ್ದರಿಂದ ಬುಧವಾರದ ಲ್ಯಾಬ್ ತಪ್ಪುತ್ತದೆಂಬ ಭಯ ಬೇಡ. ಋತು ಚಳಿಗಾಲದ್ದು. ಕೆಸರು, ಮಳೆ, ನಾಲ್ಕು ಗಂಟೆಗೆಲ್ಲ ಕತ್ತಲು. ಬೆಂಗಳೂರಿನ ಡಿಸೆಂಬರ್ ಚಳಿಯನ್ನೇ ಚಳಿ ಅಂದುಕೊಂಡವರು ಒಳಗೊಂದು ಥರ್ಮಲ್ ಹಾಕಿಕೊಂಡು ಹೋಗುವುದು ಕ್ಷೇಮ.

ಇಲ್ಲಿನ ದೊಡ್ಡ ಲಾಭವೆಂದರೆ ಹೊಸಬರೇ ಹೆಚ್ಚು. ಸೆಪ್ಟೆಂಬರ್ ಕೊನೆಯ ಫ್ರೆಶರ್ಸ್ ಮೇಳದಲ್ಲಿ ಹೆಸರು ಕೊಡುವವರಲ್ಲಿ ಮುಕ್ಕಾಲು ಪಾಲು ಚೆಂಡು ಮುಟ್ಟಿಯೇ ಇರುವುದಿಲ್ಲ. ಕ್ರಿಕೆಟ್ಟೋ ಫುಟ್‌ಬಾಲೋ ಆಗಿದ್ದರೆ ಹತ್ತು ವರ್ಷದಿಂದ ಆಡಿದವರ ಜೊತೆ ಪೈಪೋಟಿ ಮಾಡಬೇಕಿತ್ತು. ಇಲ್ಲಿ ಎಲ್ಲರೂ ಒಂದೇ ಗೆರೆಯಿಂದ ಓಡಲು ಶುರು ಮಾಡುತ್ತಾರೆ. ಹೆಲ್ಮೆಟ್, ಪ್ಯಾಡ್‌ಗಳನ್ನು ಮೊದಲ ವರ್ಷ ತಂಡದಿಂದಲೇ ಎರವಲು ಕೊಡುವುದು ಸಾಮಾನ್ಯ.

ಓದು ಮುಗಿದಿದ್ದರೆ ಊರಿನ ಸೀನಿಯರ್ ಕ್ಲಬ್. ಆಟದ ಆಡಳಿತ ಸಂಸ್ಥೆ ಬ್ರಿಟಿಷ್ ಅಮೆರಿಕನ್ ಫುಟ್‌ಬಾಲ್ ಅಸೋಸಿಯೇಷನ್, ಬಾಫಾ ಎಂದೇ ಕರೆಯುತ್ತಾರೆ. ಅದರ ರಾಷ್ಟ್ರೀಯ ಲೀಗ್ ಬೇಸಿಗೆಯದು, ಏಪ್ರಿಲ್‌ನಲ್ಲಿ ಶುರುವಾಗಿ ಆಗಸ್ಟ್‌ವರೆಗೆ ಹೋಗುತ್ತದೆ. ಮೇಲಿನ ದರ್ಜೆಯ ಅಂತಿಮ ಪಂದ್ಯಕ್ಕೆ ಬ್ರಿಟ್‌ಬೌಲ್ ಎಂದು ಹೆಸರು. ಲಂಡನ್ ವಾರಿಯರ್ಸ್, ಮ್ಯಾಂಚೆಸ್ಟರ್ ಟೈಟನ್ಸ್, ಟ್ಯಾಮ್‌ವರ್ತ್ ಫೀನಿಕ್ಸ್, ಬ್ರಿಸ್ಟಲ್ ಅಜ್‌ಟೆಕ್ಸ್, ಎಡಿನ್‌ಬರೋ ವೂಲ್ವ್ಸ್ ಮುಂತಾದವು ಪರಿಚಿತ ಹೆಸರುಗಳು. ಹೊಸಬರ ಆಯ್ಕೆ ಶಿಬಿರಗಳು ಶರತ್ಕಾಲ, ಚಳಿಗಾಲದಲ್ಲಿ ನಡೆಯುತ್ತವೆ. ಜೂನ್‌ನಲ್ಲಿ ಹೋಗಿ ಬಾಗಿಲು ತಟ್ಟಿದರೆ ಯಾರೂ ಓಡಿಸುವುದಿಲ್ಲ. ಆದರೆ ಆ ವರ್ಷ ಬೆಂಚಿನ ಮೇಲೇ ಕಳೆಯುತ್ತದೆ.

ಹೆಣ್ಣುಮಕ್ಕಳಿಗೆ ಬೇರೆಯೇ ಲೀಗ್ ಇದೆ, ಮಟ್ಟವೂ ಕಮ್ಮಿಯಿಲ್ಲ. 2022ರಲ್ಲಿ ಫಿನ್‌ಲ್ಯಾಂಡಿನ ವಾಂಟಾದಲ್ಲಿ ನಡೆದ ಮಹಿಳಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬ್ರಿಟನ್ ಫೈನಲ್ ತಲುಪಿ, ಅಮೆರಿಕಕ್ಕೆ ಸೋತು ಬೆಳ್ಳಿ ತಂದಿತು. ಗಂಡಸರ ತಂಡಕ್ಕೆ ಅಂಥ ಪದಕ ಇನ್ನೂ ಕನಸು.

ಡಿಕ್ಕಿ, ಗುದ್ದಾಟ ಬೇಡವೆನ್ನುವವರಿಗೆ, ಮಕ್ಕಳಿಗೆ, ಮೂವತ್ತೈದು ದಾಟಿ ಮಂಡಿ ನೋವು ಶುರುವಾದವರಿಗೆ ಫ್ಲ್ಯಾಗ್ ಫುಟ್‌ಬಾಲ್. ಒಂದು ಕಡೆ ಐದು ಜನ, ಸೊಂಟದ ಪಟ್ಟಿಗೆ ಎರಡು ಬದಿ ಬಟ್ಟೆಯ ತುಂಡು. ಅದನ್ನು ಕಿತ್ತರೆ ಓಟ ಮುಗಿಯಿತು. ಹೆಲ್ಮೆಟ್ ಇಲ್ಲ, ಪ್ಯಾಡ್ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಮುಂಬಯಿಯಲ್ಲಿ ಸೇರಿದ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ 2028ರ ಲಾಸ್ ಏಂಜಲೀಸ್ ಕೂಟಕ್ಕೆ ಕ್ರಿಕೆಟ್ ಸೇರಿಸಿದ ಸುದ್ದಿ ನಮ್ಮ ಪತ್ರಿಕೆಗಳಲ್ಲೆಲ್ಲ ಬಂತು. ಅದೇ ನಿರ್ಣಯದಲ್ಲಿ ಫ್ಲ್ಯಾಗ್ ಫುಟ್‌ಬಾಲ್ ಕೂಡ ಒಲಿಂಪಿಕ್ಸ್ ಸೇರಿತು, ಅದನ್ನು ಗಮನಿಸಿದವರು ಕಡಿಮೆ.

3. ಮೊದಲ ತಾಲೀಮಿನ ದಿನ

ಹೆಲ್ಮೆಟ್, ಪ್ಯಾಡ್ ಕೊಳ್ಳಲು ಹೋಗಬೇಡಿ. ಫುಟ್‌ಬಾಲ್ ಅಥವಾ ರಗ್ಬಿಯ ಸ್ಟಡ್ ಬೂಟು, ಅಂಗಡಿಯಲ್ಲಿ ಸಿಗುವ ಬಿಸಿನೀರಲ್ಲಿ ಮೆದು ಮಾಡಿ ಹಲ್ಲಿಗೆ ಕೂರಿಸಿಕೊಳ್ಳುವ ಮೌತ್‌ಗಾರ್ಡ್, ನೀರಿನ ಬಾಟಲಿ, ಮಳೆಗೆ ತಡೆಯುವ ಜಾಕೆಟ್. ಅಷ್ಟು ಸಾಕು. ಫ್ಲ್ಯಾಗ್‌ಗೆ ಹೋಗುವವರು ಜೇಬಿಲ್ಲದ ಚಡ್ಡಿ ಹಾಕಿಕೊಳ್ಳಿ: ಬಟ್ಟೆ ಕೀಳಲು ಬಂದವರ ಬೆರಳು ಜೇಬಿಗೆ ಸಿಕ್ಕಿ ಮುರಿಯುತ್ತದೆಂದೇ ಆ ನಿಯಮ.

ಕೇಳಬೇಕಾದ ಪ್ರಶ್ನೆಗಳನ್ನು ಮಾತ್ರ ನಾಚಿಕೆ ಬಿಟ್ಟು ಕೇಳಿ. ವರ್ಷದ ಚಂದಾ ಎಷ್ಟು, ಕಂತಿನಲ್ಲಿ ಕೊಡಬಹುದೇ? ಬಾಫಾ ನೋಂದಣಿ ಅದರೊಳಗೇ ಸೇರಿದೆಯೇ, ಬೇರೆಯೇ? ಹೆಲ್ಮೆಟ್ ಕ್ಲಬ್ಬಿನದೋ, ನಾನೇ ತರಬೇಕೋ? ಬೇರೆ ಊರಿಗೆ ಹೋಗುವ ಬಸ್ಸಿನ ಖರ್ಚು ಯಾರದು? ಕೋಚ್‌ಗಳು ಯಾವ ತರಬೇತಿ ಪಡೆದಿದ್ದಾರೆ? ಈ ಕೊನೆಯ ಪ್ರಶ್ನೆಗೆ ಮುಖ ಗಂಟಿಕ್ಕುವ ಕ್ಲಬ್ಬಾದರೆ ಇನ್ನೊಂದು ಹುಡುಕಿ. ನೋಂದಣಿಯಾಗದೆ ಪ್ಯಾಡ್ ತೊಟ್ಟು ಗುದ್ದಾಟದ ತಾಲೀಮಿಗೆ ಇಳಿಯಬಾರದು, ವಿಮೆ ನಿಂತಿರುವುದೇ ಅದರ ಮೇಲೆ. ‘ಇವತ್ತೊಂದಿನ ಆಡು, ಕಾಗದಪತ್ರ ಆಮೇಲೆ’ ಎನ್ನುವವರ ಮಾತಿಗೆ ಒಪ್ಪಬೇಡಿ.

4. ನಿಮಗೆ ಯಾವ ಜಾಗ?

ಎಲ್ಲರಿಗೂ ಆಟ ನಡೆಸುವ, ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಆಗುವಾಸೆ. ಒಂದು ತಂಡಕ್ಕೆ ಆಡುವ ಕ್ವಾರ್ಟರ್‌ಬ್ಯಾಕ್ ಒಬ್ಬನೇ. ಅವನ ಮುಂದೆ ಗೋಡೆಯಾಗಿ ನಿಲ್ಲುವ ಅಫೆನ್ಸಿವ್ ಲೈನ್‌ಗೆ ಐದು ಜನ ಬೇಕು, ಮತ್ತು ಬ್ರಿಟನ್ನಿನ ಯಾವ ಕ್ಲಬ್ಬಿನಲ್ಲೂ ಈ ಐದು ಜನ ಸಾಕಷ್ಟು ಇದ್ದಾರೆ ಎಂದು ಹೇಳಿದ್ದು ನಾನಂತೂ ಕೇಳಿಲ್ಲ. ಮೈಭಾರದವರು ಬೇರೆ ಆಟಗಳಲ್ಲಿ ಸಂಕೋಚದಿಂದ ಹಿಂದೆ ನಿಲ್ಲುತ್ತಾರೆ. ಇಲ್ಲಿ ಅವರನ್ನು ಕೈಹಿಡಿದು ಕರೆಯುತ್ತಾರೆ.

ಸಣಕಲು ಮೈ, ವೇಗದ ಕಾಲು ಇದ್ದರೆ ಚೆಂಡು ಹಿಡಿಯುವ ರಿಸೀವರ್ ಅಥವಾ ಅವನನ್ನು ಕಾಯುವ ಕಾರ್ನರ್‌ಬ್ಯಾಕ್. ಸ್ಲಿಪ್‌ನಲ್ಲಿ ನಿಂತು ಕ್ಯಾಚ್ ಹಿಡಿದವರ ಕೈ ರಿಸೀವರ್ ಕೆಲಸಕ್ಕೆ ಬೇಗ ಒಗ್ಗುತ್ತದೆ. ಆದರೆ ಕ್ರಿಕೆಟ್ ಚೆಂಡಿನಂತೆ ಎದೆಗೆ ಎಳೆದುಕೊಳ್ಳದೆ, ಕೈ ಮುಂದೆ ಚಾಚಿ ಬೆರಳುಗಳಲ್ಲೇ ಹಿಡಿಯುವುದನ್ನು ಹೊಸದಾಗಿ ಕಲಿಯಬೇಕು. ಫುಟ್‌ಬಾಲ್ ಆಡಿದವರಿಗೆ ಕಿಕ್ಕರ್ ಜಾಗ ಖಾಲಿಯಿರುವ ಸಂಭವ ಜಾಸ್ತಿ. ಕಬಡ್ಡಿ ಆಡಿದವರು ಡಿಫೆನ್ಸ್ ಕೇಳಿ. ಓಡಿ ಬರುವವನ ಸೊಂಟದ ಮೇಲೆ ಕಣ್ಣಿಟ್ಟು, ಅವನು ಯಾವ ಕಡೆ ಹೊರಳುತ್ತಾನೆಂದು ಊಹಿಸಿ, ತೊಡೆ ಅಪ್ಪಿ ಕೆಡಹುವ ವಿದ್ಯೆ ಅವರಿಗೆ ಮೊದಲೇ ಬಂದಿರುತ್ತದೆ. ಬರ್ಮಿಂಗ್‌ಹ್ಯಾಮ್, ವುಲ್ವರ್‌ಹ್ಯಾಂಪ್ಟನ್ ಸುತ್ತಮುತ್ತ 2025ರಲ್ಲಿ ಕಬಡ್ಡಿ ವಿಶ್ವಕಪ್ಪೇ ನಡೆದಿದೆ, ಆ ಭಾಗದ ಕೋಚ್‌ಗಳಿಗೆ ನೀವು ‘ನಾನು ಕಬಡ್ಡಿ ಆಡಿದ್ದೇನೆ’ ಎಂದರೆ ಅರ್ಥವಾಗುತ್ತದೆ.

5. ಹೆಲ್ಮೆಟ್, ಪ್ಯಾಡ್

ರಿಡೆಲ್, ಶಟ್, ಝೆನಿತ್ ಮುಂತಾದ ಅಮೆರಿಕದ ಕಂಪನಿಗಳ ಹೆಲ್ಮೆಟ್‌ಗಳು. ಹೊಸದಕ್ಕೆ ನೂರಾರು ಪೌಂಡ್ ಬೀಳುತ್ತದೆ. ಭುಜದ ಪ್ಯಾಡ್, ಸೊಂಟ ತೊಡೆಗಳ ಪ್ಯಾಡಿರುವ ಗರ್ಡಲ್, ಪ್ಯಾಂಟು, ಜೆರ್ಸಿ ಬೇರೆ. ಒಂದು ಋತು ಎರವಲಿನಲ್ಲಿ ಕಳೆದು, ಆಟ ಮೈಗಂಟಿತೆಂದು ಖಾತ್ರಿಯಾದ ಮೇಲೆ ಕೊಳ್ಳುವುದು ಜಾಣತನ. ಭುಜದ ಪ್ಯಾಡನ್ನು ಹಳೆಯದು ಕೊಂಡರೂ ನಡೆಯುತ್ತದೆ, ಪಟ್ಟಿ ಬಕಲ್ ಗಟ್ಟಿಯಿದ್ದರಾಯಿತು. ಹೆಲ್ಮೆಟ್ ಮಾತ್ರ ಊರು ಹೆಸರಿಲ್ಲದವರ ಕೈಯಿಂದ ಆನ್‌ಲೈನಿನಲ್ಲಿ ಕೊಳ್ಳಬೇಡಿ. ಎಷ್ಟು ಹೊಡೆತ ತಿಂದಿದೆ ಎಂದು ಹೊರಗಿನಿಂದ ನೋಡಿ ಹೇಳಲಾಗದು. ಹತ್ತು ವರ್ಷ ದಾಟಿದ ಹೆಲ್ಮೆಟ್‌ಗಳನ್ನು ಅಮೆರಿಕದ ದುರಸ್ತಿದಾರರು ಮುಟ್ಟುವುದೇ ಇಲ್ಲ, ಒಳಗಿನ ತಯಾರಿಕೆಯ ವರ್ಷ ನೋಡಿಯೇ ತಲೆಗೇರಿಸಿ.

ಸರಿಯಾಗಿ ಕೂತಿದೆಯೇ ಎಂದು ತಿಳಿಯುವುದು ಹೀಗೆ. ಹುಬ್ಬಿನ ಮೇಲೆ ಎರಡು ಬೆರಳಗಲ ಬಿಟ್ಟು ಹೆಲ್ಮೆಟ್ಟಿನ ಅಂಚು ಇರಬೇಕು. ಮುಖದ ಜಾಲರಿ ಹಿಡಿದು ಎಡಬಲ ತಿರುಗಿಸಿದರೆ ಹಣೆಯ ಚರ್ಮವೂ ಜೊತೆಗೇ ಎಳೆಯಬೇಕು. ಹೆಲ್ಮೆಟ್ ಮಾತ್ರ ತಿರುಗಿ ತಲೆ ಅಲ್ಲೇ ನಿಂತರೆ ಸಡಿಲ ಎಂದರ್ಥ. ದವಡೆಯ ಪ್ಯಾಡ್ ಕೆನ್ನೆಗೆ ಒತ್ತಿರಬೇಕು. ಗಲ್ಲದ ಪಟ್ಟಿಯ ಎಲ್ಲ ಬಟನ್ ಹಾಕಿಯೇ ಅಂಗಳಕ್ಕಿಳಿಯಿರಿ. ಜಾಲರಿಯ ತಿರುಪುಗಳು ಇಂಗ್ಲೆಂಡಿನ ತೇವಕ್ಕೆ ತುಕ್ಕು ಹಿಡಿಯುತ್ತವೆ, ಋತುವಿನ ಮೊದಲು ಒಮ್ಮೆ ಬದಲಿಸಿ. ಪ್ಯಾಡುಗಳನ್ನು ಬ್ಯಾಗಿನಲ್ಲೇ ಮುಚ್ಚಿಟ್ಟರೆ ಏನಾಗುತ್ತದೆಂದು ನಿಮ್ಮ ರೂಮ್‌ಮೇಟ್‌ಗಳು ವಿವರಿಸುತ್ತಾರೆ.

6. ತಲೆಯ ವಿಷಯ

ತಲೆ ಗಟ್ಟಿಯಿದೆಯೆಂದು ಬಂಡೆಗೆ ಹಾಯಬಾರದು ಎಂಬ ಗಾದೆ ಈ ಆಟಕ್ಕೆಂದೇ ಹೇಳಿದ ಹಾಗಿದೆ. ಹೆಲ್ಮೆಟ್ ತಲೆಬುರುಡೆ ಒಡೆಯದಂತೆ ಕಾಯುತ್ತದೆ. ಒಳಗಿನ ಮಿದುಳು ಅಲುಗಾಡದಂತೆ ಕಾಯಲಾರದು. ಆದ್ದರಿಂದ ಮೊದಲ ದಿನದಿಂದ ಕಲಿಯಬೇಕಾದದ್ದು ತಲೆ ಎತ್ತಿ, ಕಣ್ಣು ತೆರೆದು, ತಲೆಯನ್ನು ಪಕ್ಕಕ್ಕೆ ಸರಿಸಿ ಭುಜದಿಂದ ತಡೆಯುವುದು. ತಲೆ ತಗ್ಗಿಸಿ ಹೆಲ್ಮೆಟ್ಟಿನ ನೆತ್ತಿಯಿಂದ ಗುದ್ದಿದರೆ ದಂಡನೆಯಿದೆ, ಅದಕ್ಕಿಂತ ಮುಖ್ಯವಾಗಿ ಮುರಿಯುವುದು ಗುದ್ದಿದವನ ಕತ್ತು.

ಬ್ರಿಟಿಷ್ ಸರ್ಕಾರ 2023ರ ಏಪ್ರಿಲ್‌ನಲ್ಲಿ ತಳಮಟ್ಟದ ಎಲ್ಲ ಕ್ರೀಡೆಗಳಿಗೂ ಅನ್ವಯಿಸುವ ತಲೆಪೆಟ್ಟಿನ ಮಾರ್ಗಸೂಚಿ ಹೊರಡಿಸಿತು. ತಿರುಳು ಒಂದೇ ಸಾಲು: ಅನುಮಾನ ಬಂದರೆ ಹೊರಗೆ ಕೂರಿಸಿ. ಡಿಕ್ಕಿಯಾದ ಮೇಲೆ ಆಟಗಾರ ಗಲಿಬಿಲಿಯಾಗಿ ಕಂಡರೆ, ತಪ್ಪು ಕಡೆ ಹೋಗಿ ನಿಂತರೆ, ತಲೆಸುತ್ತು, ವಾಂತಿ, ಮಂಜುಮಂಜು ಎಂದರೆ ಅವತ್ತಿನ ಆಟ ಅಲ್ಲಿಗೆ ಮುಗಿಯಿತು. ಪ್ರಜ್ಞೆ ತಪ್ಪಿರಲೇಬೇಕೆಂದಿಲ್ಲ. 24 ಗಂಟೆಯೊಳಗೆ ವೈದ್ಯರನ್ನು ಕಾಣಬೇಕು, ಇಲ್ಲವೇ ಸರ್ಕಾರಿ ಆರೋಗ್ಯ ಸಲಹೆಯ ಸಂಖ್ಯೆ 111ಕ್ಕೆ ಕರೆ ಮಾಡಬೇಕು. ಆ ದಿನ ಒಬ್ಬರೇ ಇರಬಾರದು, ಕಾರು ಓಡಿಸಬಾರದು, ಕುಡಿಯಬಾರದು. ಮೊದಲ ಒಂದೆರಡು ದಿನ ವಿಶ್ರಾಂತಿ, ಮೊಬೈಲು ಲ್ಯಾಪ್‌ಟಾಪ್ ಆದಷ್ಟು ದೂರ. ತಲೆಗೆ ಮತ್ತೆ ಪೆಟ್ಟಾಗಬಹುದಾದ ತಾಲೀಮಿಗೆ ಇಳಿಯುವ ಮುನ್ನ 14 ದಿನ ಯಾವ ಲಕ್ಷಣವೂ ಇಲ್ಲದೆ ಕಳೆದಿರಬೇಕು. ಪಂದ್ಯಕ್ಕೆ ಮರಳುವುದು ಎಷ್ಟು ಬೇಗ ಎಂದರೂ 21ನೇ ದಿನಕ್ಕಿಂತ ಮೊದಲಲ್ಲ. ತಲೆನೋವು ಹೆಚ್ಚುತ್ತಾ ಹೋದರೆ, ಮಾತು ತೊದಲಿದರೆ, ಕೈಕಾಲು ಜೋಮು ಹಿಡಿದರೆ, ಫಿಟ್ಸ್ ಬಂದರೆ 111 ಅಲ್ಲ, ನೇರ ತುರ್ತು ಸಂಖ್ಯೆ 999.

ಒಬ್ಬರೇ ರೂಮಿನಲ್ಲಿರುವ ವಿದ್ಯಾರ್ಥಿಗಳಿಗೆ ಇದನ್ನು ಒತ್ತಿ ಹೇಳಬೇಕಾಗಿದೆ. ಪೆಟ್ಟು ಬಿದ್ದ ರಾತ್ರಿ ತಂಡದ ಯಾರಾದರೂ ಜೊತೆಗಿರಲಿ ಎಂದು ಕೇಳುವುದು ಹೇಡಿತನವಲ್ಲ. ಬ್ರಿಟನ್ನಿಗೆ ಹೋದ ಮೊದಲ ವಾರವೇ ಹತ್ತಿರದ ಜಿಪಿ, ಅಂದರೆ ಕುಟುಂಬ ವೈದ್ಯರ ಬಳಿ ಹೆಸರು ನೋಂದಾಯಿಸಿಕೊಳ್ಳಿ. ವೀಸಾದ ಜೊತೆ ಕಟ್ಟಿದ ಆರೋಗ್ಯ ಶುಲ್ಕ ಇರುವುದೇ ಅದಕ್ಕೆ.

7. ವಿದ್ಯಾರ್ಥಿ ವೀಸಾದವರಿಗೆ ಒಂದು ಎಚ್ಚರಿಕೆ

ವಿದ್ಯಾರ್ಥಿ ವೀಸಾದಲ್ಲಿ ಸಂತೋಷಕ್ಕಾಗಿ, ಹವ್ಯಾಸಿಯಾಗಿ ಆಡುವುದಕ್ಕೆ ಅಡ್ಡಿಯಿಲ್ಲ. ವೃತ್ತಿಪರ ಕ್ರೀಡಾಪಟು ಆಗುವಂತಿಲ್ಲ, ಮತ್ತು ಆ ಮಾತಿನೊಳಗೆ ಕೋಚ್ ಕೆಲಸವೂ ಸೇರುತ್ತದೆ. ‘ಶನಿವಾರ ಮಕ್ಕಳಿಗೆ ಫ್ಲ್ಯಾಗ್ ಹೇಳಿಕೊಡು, ಗಂಟೆಗೆ ಇಷ್ಟು ಕೊಡುತ್ತೇವೆ’ ಎಂದು ಕ್ಲಬ್ಬಿನವರು ಒಳ್ಳೆಯ ಮನಸ್ಸಿನಿಂದಲೇ ಹೇಳಬಹುದು. ವಾರದ 20 ಗಂಟೆಯ ಲೆಕ್ಕದೊಳಗಿದೆಯಲ್ಲ ಎಂದು ಒಪ್ಪಿಕೊಂಡುಬಿಡಬೇಡಿ. ಊರಲ್ಲಿದ್ದಾಗ ರಾಜ್ಯದ ಪರ ಅಥವಾ ದೇಶದ ಪರ ಯಾವುದಾದರೂ ಆಟ ಆಡಿದವರಂತೂ ಇನ್ನಷ್ಟು ಜೋಪಾನ, ವೃತ್ತಿಪರ ಎಂಬುದರ ವ್ಯಾಖ್ಯಾನ ವಲಸೆ ನಿಯಮಗಳಲ್ಲಿ ವಿಶಾಲವಾಗಿದೆ. ವಿಶ್ವವಿದ್ಯಾಲಯದ ಅಂತಾರಾಷ್ಟ್ರೀಯ ವಿದ್ಯಾರ್ಥಿ ಸಲಹಾ ವಿಭಾಗಕ್ಕೆ ಇಮೇಲ್ ಹಾಕಿ, ಬರೆದ ಉತ್ತರ ಪಡೆದು ಇಟ್ಟುಕೊಳ್ಳಿ. ತಂಡದ ಕ್ಯಾಪ್ಟನ್ ಹೇಳಿದ್ದು ಕಾನೂನಾಗುವುದಿಲ್ಲ.

8. ತಂಡ ಕಟ್ಟುವ ಹುಚ್ಚು

ಕಟ್ಟುವ ಮುನ್ನ ಹಳೆಯ ಕಥೆ ಸ್ವಲ್ಪ ತಿಳಿದಿರಲಿ, ಕೈ ಸುಟ್ಟುಕೊಳ್ಳುವುದು ತಪ್ಪುತ್ತದೆ. 1982ರ ನವೆಂಬರ್‌ನಲ್ಲಿ ಶುರುವಾದ ಚಾನೆಲ್ 4 ಎನ್‌ಎಫ್‌ಎಲ್ ತೋರಿಸತೊಡಗಿತು. 1983ರಲ್ಲಿ ವೆಂಬ್ಲಿಯಲ್ಲಿ ಮಿನೆಸೋಟ ವೈಕಿಂಗ್ಸ್ ಮತ್ತು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಆಡಿದವು. ಅದೇ ವರ್ಷ ಲಂಡನ್ ರಾವೆನ್ಸ್ ಹುಟ್ಟಿತು, ನೋಡನೋಡುತ್ತಿದ್ದಂತೆ ಊರೂರಲ್ಲಿ ತಂಡಗಳು. 1986ರಲ್ಲಿ ಶಿಕಾಗೊ ಬೇರ್ಸ್, ಡಲ್ಲಾಸ್ ಕೌಬಾಯ್ಸ್ ಪಂದ್ಯಕ್ಕೆ ವೆಂಬ್ಲಿ ತುಂಬಿತು, ಬಡ್‌ವೈಸರ್ ಹೆಸರಿನಲ್ಲಿ ಬ್ರಿಟಿಷ್ ಲೀಗ್ ನಡೆಯಿತು. 1991ರಲ್ಲಿ ಎನ್‌ಎಫ್‌ಎಲ್ ಬೆಂಬಲದ ಹೊಸ ವೃತ್ತಿಪರ ಲೀಗಿನ ತಂಡ ಲಂಡನ್ ಮೊನಾರ್ಕ್ಸ್ 61,000ಕ್ಕೂ ಹೆಚ್ಚು ಜನರೆದುರು ಬಾರ್ಸಿಲೋನಾವನ್ನು 21–0ರಿಂದ ಸೋಲಿಸಿ ಆ ಲೀಗಿನ ಮೊದಲ ಅಂತಿಮ ಪಂದ್ಯ ವರ್ಲ್ಡ್ ಬೌಲ್ ಗೆದ್ದಿತು. ಆಮೇಲೆ? ಹತ್ತು ವರ್ಷವೂ ಆಗುವ ಮೊದಲೇ ಮೊನಾರ್ಕ್ಸ್ ಇಲ್ಲ. ಅದೇ ಲೀಗಿನ ಸ್ಕಾಟಿಷ್ ಕ್ಲೇಮೋರ್ಸ್ 2004ಕ್ಕೆ ಮುಗಿಯಿತು, ಎನ್‌ಎಫ್‌ಎಲ್ ಯುರೋಪ್ ಎಂದು ಹೆಸರು ಬದಲಿಸಿಕೊಂಡಿದ್ದ ಆ ಲೀಗೇ 2007ಕ್ಕೆ ಬಾಗಿಲು ಹಾಕಿತು. ಟಿವಿ ಮತ್ತು ಪ್ರಾಯೋಜಕರ ದುಡ್ಡು ನಂಬಿ ನಿಂತದ್ದು ಉಳಿಯಲಿಲ್ಲ. ಉಳಿದದ್ದು ಚಂದಾ ಎತ್ತಿ, ಎರವಲು ಅಂಗಳದಲ್ಲಿ ಆಡಿದ ಕ್ಲಬ್ಬುಗಳು.

ಹಾಗಾಗಿ ನನ್ನ ಸಲಹೆ: 11 ಜನರ ತಂಡದಿಂದ ಶುರು ಮಾಡಲೇಬೇಡಿ. ಅದಕ್ಕೆ ಪಟ್ಟಿಯಲ್ಲಿ ಕನಿಷ್ಠ ಮೂವತ್ತು ಮೂವತ್ತೈದು ಜನ ಬೇಕು, ಅವರಿಗೆಲ್ಲ ಹೆಲ್ಮೆಟ್ ಬೇಕು, ನಿಮ್ಮ ಅಂಗಳದಲ್ಲಿ ನಡೆಯುವ ಪ್ರತಿ ಪಂದ್ಯಕ್ಕೂ ವೈದ್ಯಕೀಯ ಸಿಬ್ಬಂದಿ, ರೆಫರಿಗಳ ಸಂಭಾವನೆ, ಅಂಗಳದ ಬಾಡಿಗೆ. ಫ್ಲ್ಯಾಗ್‌ನಿಂದ ಶುರು ಮಾಡಿ. ಹತ್ತು ಜನ, ಎರಡು ಚೆಂಡು, ಒಂದು ಸೆಟ್ ಪಟ್ಟಿ, ಕೆಲವು ಕೋನ್. 70 ಗಜ ಉದ್ದ 25 ಗಜ ಅಗಲದ ಜಾಗ ಸಾಕು, ಪಾರ್ಕಿನ ಮೂಲೆಯೂ ಆದೀತು. ಎರಡು ವರ್ಷ ಅದು ಕುಸಿಯದೆ ನಡೆದರೆ ಆಗ ದೊಡ್ಡ ಆಟದ ಮಾತು.

ಆಟಗಾರರಿಗಿಂತ ಮೊದಲು ಸಮಿತಿ ಹುಡುಕಿ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಮಕ್ಕಳಿದ್ದರೆ ಅವರ ಸುರಕ್ಷತೆ ನೋಡಿಕೊಳ್ಳುವ ವೆಲ್‌ಫೇರ್ ಆಫೀಸರ್. ಇವರಲ್ಲಿ ಒಬ್ಬರಾದರೂ ಆಡದವರಾಗಿರಲಿ. ಎಲ್ಲರೂ ಆಡುವವರೇ ಆದರೆ ಪಂದ್ಯದ ದಿನ ಗೇಟಿನ ಬೀಗ ತೆಗೆಯಲೂ ಯಾರೂ ಇರುವುದಿಲ್ಲ. ಕ್ಲಬ್ ಹೆಸರಿನಲ್ಲಿ ಬ್ಯಾಂಕ್ ಖಾತೆ, ಹಣ ತೆಗೆಯಲು ಇಬ್ಬರ ಒಪ್ಪಿಗೆ, ಬರೆದಿಟ್ಟ ನಿಯಮಾವಳಿ. ಮಕ್ಕಳಿಗೆ ತರಬೇತಿ ಕೊಡುವವರಿಗೆ ಇಂಗ್ಲೆಂಡ್, ವೇಲ್ಸ್‌ನಲ್ಲಿ ಡಿಬಿಎಸ್ ಎಂಬ ಅಪರಾಧ ಹಿನ್ನೆಲೆಯ ತಪಾಸಣೆ, ಸ್ಕಾಟ್ಲೆಂಡಿನಲ್ಲಿ ಅಂಥದೇ ಪಿವಿಜಿ. ನಮ್ಮ ಕಡೆ ‘ಗೊತ್ತಿರೋ ಹುಡುಗ, ಬಿಡಿ’ ಎಂದು ನಡೆದುಹೋಗುವ ಕೆಲಸ ಇದಲ್ಲ.

ಅಂಗಳಕ್ಕೆ ರಗ್ಬಿ ಕ್ಲಬ್ಬುಗಳ ಹತ್ತಿರ ಹೋಗಿ. ಅವರ ಋತು ವಸಂತಕ್ಕೆ ಮುಗಿಯುತ್ತದೆ, ನಿಮ್ಮದು ಆಗ ಶುರು; ಅವರ ಬಾರ್‌ಗೆ ಬೇಸಿಗೆಯಲ್ಲೂ ಗಿರಾಕಿ ಸಿಗುತ್ತಾರೆಂಬುದು ನಿಮ್ಮ ದೊಡ್ಡ ವಾದ. ಅಡ್ಡಿ ಬರುವುದು ಅಂಗಳ ನೋಡಿಕೊಳ್ಳುವವರಿಂದ, ಮೇ ತಿಂಗಳು ಅವರಿಗೆ ಹುಲ್ಲು ಬೀಜ ಬಿತ್ತುವ ಕಾಲ. ಮುಖ್ಯ ಅಂಗಳ ಕೇಳದೆ ಹಿಂದಿನದನ್ನು ಕೇಳಿ. ಅಳತೆಯಲ್ಲಿ ಒಂದು ಸೋಜಿಗವಿದೆ: ರಗ್ಬಿ ಗೋಲುಕಂಬಗಳ ಅಗಲವೂ ಅಡ್ಡಪಟ್ಟಿಯ ಎತ್ತರವೂ ಅಮೆರಿಕನ್ ಫುಟ್‌ಬಾಲಿನದಕ್ಕೆ ಕೂದಲೆಳೆಯಷ್ಟು ಹತ್ತಿರ, ಸುಮಾರು 5.6 ಮೀಟರ್ ಅಗಲ, 3 ಮೀಟರ್ ಎತ್ತರ. ನಿಂತಿರುವ ಜಾಗ ಮಾತ್ರ ಬೇರೆ. ಅಮೆರಿಕನ್ ಫುಟ್‌ಬಾಲಿನಲ್ಲಿ ಕಂಬ ಎಂಡ್ ಝೋನ್‌ನ ಹಿಂದಿನ ಗೆರೆಯ ಮೇಲಿರಬೇಕು, ಅಂದರೆ ಒಟ್ಟು 120 ಗಜ, ಸುಮಾರು 110 ಮೀಟರ್ ಅಂತರ. ರಗ್ಬಿಯ ಕಂಬಗಳ ನಡುವೆ ಹೆಚ್ಚೆಂದರೆ 100 ಮೀಟರ್. ಕಂಬಗಳು ಎಂಡ್ ಝೋನ್‌ನೊಳಗೇ ಬರುತ್ತವೆ. ದಪ್ಪನೆಯ ಪ್ಯಾಡ್ ಸುತ್ತದೆ ಆಡಿಸಬೇಡಿ. ಗೆರೆ ಎಳೆಯಲು ಮೊದಲ ಸಲ ನೀವಂದುಕೊಂಡದ್ದರ ಎರಡರಷ್ಟು ಬಣ್ಣವೂ ಹೊತ್ತೂ ಬೇಕಾಗುತ್ತದೆ, ಐದೈದು ಗಜಕ್ಕೆ ಗೆರೆ ಎಂದರೆ ಸಾಮಾನ್ಯವೇ!

ಹಣದ ದಾರಿಗಳು: ಚಂದಾ, ಊರಿನ ಅಂಗಡಿಯವರ ಜೆರ್ಸಿ ಪ್ರಾಯೋಜಕತ್ವ, ಸ್ಪೋರ್ಟ್ ಇಂಗ್ಲೆಂಡ್‌ನಂಥ ಸಂಸ್ಥೆಗಳ ಸಣ್ಣ ಅನುದಾನ. ತೆರಿಗೆ ಇಲಾಖೆಯಲ್ಲಿ ಸಮುದಾಯ ಹವ್ಯಾಸಿ ಕ್ರೀಡಾ ಕ್ಲಬ್ ಎಂದು ನೋಂದಾಯಿಸಿಕೊಂಡರೆ, ತೆರಿಗೆ ಕಟ್ಟುವವರು ಕೊಟ್ಟ ಪ್ರತಿ ಪೌಂಡ್ ದೇಣಿಗೆಗೆ ಸರ್ಕಾರದಿಂದ 25 ಪೆನ್ಸ್ ಗಿಫ್ಟ್ ಏಡ್ ಸಿಗುತ್ತದೆ. ಅನುದಾನ ಕೇಳುವಾಗ ‘ಅಮೆರಿಕನ್ ಫುಟ್‌ಬಾಲ್ ಬೆಳೆಸುತ್ತೇವೆ’ ಎಂದು ಬರೆದರೆ ಯಾರ ಕಿವಿಗೂ ಬೀಳದು. ಶಾಲೆಯಲ್ಲಿ ಯಾವ ಆಟಕ್ಕೂ ಸೇರದ ಇಷ್ಟು ಮಕ್ಕಳನ್ನು, ಈ ಬಡಾವಣೆಯ ಇಷ್ಟು ಹುಡುಗಿಯರನ್ನು ಮೈದಾನಕ್ಕೆ ತರುತ್ತೇವೆ ಎಂದು ಬರೆಯಿರಿ, ಬರೆದದ್ದನ್ನು ಮಾಡಿ.

ಮುಂದಿನ ಹಂತಕ್ಕೆ, ಅಂದರೆ ಲೀಗ್ ಸೇರಲು ನಿಂತಾಗ, ಬಾಫಾವನ್ನು ತಡಮಾಡದೆ ಸಂಪರ್ಕಿಸಿ. ನಾಳೆಯೇ ಲೀಗ್‌ಗೆ ಹಾಕಿಕೊಳ್ಳಿ ಎಂದರೆ ಆಗುವುದಿಲ್ಲ, ತಂಡ ನಿಲ್ಲುತ್ತದೆಂದು ತೋರಿಸಬೇಕು.

9. ಮಕ್ಕಳು ಎನ್‌ಎಫ್‌ಎಲ್‌ಗೆ ಹೋದಾರೆ?

ತಂದೆತಾಯಿಯರು ಕೇಳುವ ಪ್ರಶ್ನೆ. ದಾರಿ ಇಲ್ಲವೆಂದಲ್ಲ. ನೈಜೀರಿಯಾದಲ್ಲಿ ಹುಟ್ಟಿದ, ಬಾಲ್ಯದಲ್ಲಿ ಯಾರೋ ಲಂಡನ್ನಿಗೆ ತಂದು ಬಿಟ್ಟುಹೋಗಿದ್ದ ಎಫೆ ಒಬಾಡ, ಲಂಡನ್ ವಾರಿಯರ್ಸ್‌ಗೆ ಐದೇ ಪಂದ್ಯ ಆಡಿ ಅಮೆರಿಕಕ್ಕೆ ಹಾರಿದ, 2018ರಲ್ಲಿ ಕ್ಯಾರೊಲೈನಾ ಪ್ಯಾಂಥರ್ಸ್ ಪರ ಅಂಗಳಕ್ಕಿಳಿದ. ಪ್ಯಾಂಥರ್ಸ್ ತಂಡಕ್ಕೆ ಅವನು ಸೇರಿದ್ದು ಹೊರದೇಶದ ಆಟಗಾರರಿಗಾಗಿ ಎನ್‌ಎಫ್‌ಎಲ್ 2017ರಲ್ಲಿ ಶುರು ಮಾಡಿದ ಯೋಜನೆಯಿಂದ. ಶಾಲಾ ವಯಸ್ಸಿನವರಿಗೆ ಎನ್‌ಎಫ್‌ಎಲ್ ಅಕಾಡೆಮಿ ಇದೆ. 2019ರಲ್ಲಿ ಲಂಡನ್ನಿನಲ್ಲಿ ಶುರುವಾಗಿ ಈಗ ಲಫ್‌ಬರೋ ವಿಶ್ವವಿದ್ಯಾಲಯದಲ್ಲಿದೆ. ಆದರೆ ವೇಲ್ಸ್‌ನ ರಗ್ಬಿ ತಾರೆ ಲೂಯಿಸ್ ರೀಸ್‌ಝಮಿಟ್‌ನಂಥವನೇ 2024ರಲ್ಲಿ ಒಬಾಡ ಹೋದ ಆ ಯೋಜನೆ ಸೇರಿ, ಎರಡು ತಂಡಗಳಲ್ಲಿದ್ದೂ ಲೀಗ್ ಪಂದ್ಯವೊಂದನ್ನೂ ಆಡದೆ ಮರುವರ್ಷ ರಗ್ಬಿಗೆ ಮರಳಿದ. ಎಂಟು ವರ್ಷದ ಮಗುವನ್ನು ಸೇರಿಸುವಾಗ ಈ ಲೆಕ್ಕ ಹಾಕಬೇಡಿ. ಫ್ಲ್ಯಾಗ್‌ಗೆ ಹಾಕಿ, ಓಡಲಿ. ಗುದ್ದಾಟದ ಆಟಕ್ಕೆ ಹೋಗಬೇಕೇ ಎಂದು ಹದಿವಯಸ್ಸಿನಲ್ಲಿ ಅವರೇ ಹೇಳುತ್ತಾರೆ.

10. ಆಡಲಾಗದವರಿಗೆ

ಇದನ್ನು ಕೊನೆಗೆ ಇಟ್ಟಿದ್ದೇನೆ, ಆದರೆ ಯಾವ ಕ್ಲಬ್ಬಿನ ಕಾರ್ಯದರ್ಶಿಯನ್ನು ಕೇಳಿದರೂ ಮೊದಲು ಹೇಳುವುದು ಇದನ್ನೇ. ಪಂದ್ಯದ ದಿನ ಹತ್ತು ಗಜದ ಸರಪಳಿ ಹಿಡಿಯಲು, ಡೌನ್ ಸಂಖ್ಯೆಯ ಕೋಲು ಹಿಡಿಯಲು ಜನ ಬೇಕು. ಅಂಗಳದ ಪಕ್ಕದಲ್ಲೇ ನಿಂತು ಆಟ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ, ಕಾಸೂ ಖರ್ಚಿಲ್ಲ. ಸರಪಳಿ ಹಿಡಿದವರು ಪಕ್ಷ ವಹಿಸಿ ಕಿರುಚಬಾರದು, ಅದೊಂದೇ ಕಷ್ಟ.

ಒಂದು ಋತು ಹೀಗೆ ನಿಂತ ಮೇಲೆ ರೆಫರಿಗಳ ಸಂಘ ಬಾಫ್ರಾ ನಡೆಸುವ ತರಬೇತಿಗೆ ಹೆಸರು ಕೊಡಬಹುದು. ಮೊದಲು ಪಕ್ಕದ ಗೆರೆ ಕಾಯುವ ಕೆಲಸ ಸಿಗುತ್ತದೆ, ಜೊತೆಗೆ ಅನುಭವಿಯೊಬ್ಬರು ಇರುತ್ತಾರೆ. ಪಟ್ಟೆ ಅಂಗಿ, ಸೀಟಿ, ದಂಡನೆಗೆ ಎಸೆಯುವ ಹಳದಿ ಕರವಸ್ತ್ರ. ಅಂಗಳಕ್ಕೆ ಹೋಗಿಬರುವ ಖರ್ಚು, ಚಿಕ್ಕ ಸಂಭಾವನೆ ಬರುತ್ತದೆ. ವಿದ್ಯಾರ್ಥಿ ವೀಸಾದವರು ಈ ಸಂಭಾವನೆಯ ವಿಚಾರವನ್ನೂ ಸಲಹಾ ವಿಭಾಗದಲ್ಲಿ ಕೇಳಿಕೊಂಡೇ ಒಪ್ಪಿಕೊಳ್ಳಿ. ರೆಫರಿಗಳು ಸಾಲದೆ ಪಂದ್ಯ ಮುಂದಕ್ಕೆ ಹೋದರೆ, ಬಸ್ಸಿಗೆ ದುಡ್ಡು ಕೊಟ್ಟು ಇನ್ನೂರು ಮೈಲಿ ಬಂದ ಎದುರು ತಂಡದವರು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದದ್ದು ಕ್ಲಬ್ಬಿನ ಕಾರ್ಯದರ್ಶಿಯೇ. ಅವರಿಗೆ ಈಗಲೇ ಒಂದು ಇಮೇಲ್ ಹಾಕಿ.